ಇಪ್ಪತ್ತೆರಡರ ಹುಡುಗ, ಎಪ್ಪತ್ತೊಂದರ ಮುದುಕಿ

ಮುಸಿಲ್ ಹಿರಿಮನೆ,
ಡಿಸೆಂಬರ್ ೩

ಮಗಳು ಸೆಯೊನ್‌ಗೆ,

ನೀನು ಕಳಿಸಿದ ಆಮಂತ್ರಣದಲ್ಲಿ ನನ್ನ ಹೆಸರಿರಬೇಕಾದ ಜಾಗದಲ್ಲಿ 'ನಿರ್ದೇಶಕಿಯ ತಾಯಿ' ಎಂದು ಅಚ್ಚಾಗಿದೆ. ಆದ್ದರಿಂದ ಈ ಪತ್ರ ಬರೆಯುತ್ತಿರುವವಳು ಯಾರೆಂದು ಮೊದಲೇ ಹೇಳಿಬಿಡುತ್ತೇನೆ. ನಾನು ಮ್ಯಾಂಗ್ ಒಕ್‌ಬುನ್. ಮುಸಿಲ್‌ನ ಪ್ಯೋ ವಂಶದ ಹಿರಿಮನೆಗೆ ಹದಿನಾಲ್ಕನೆಯ ಹಿರಿಸೊಸೆ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಈ ಹೊಸ್ತಿಲು ದಾಟಿ ಬಂದೆ, ಈಗ ಎಪ್ಪತ್ತಮೂರು. ಉಗ್ರಾಣದ ಬೀಗದ ಕೈ ನನ್ನ ಸೊಂಟದಲ್ಲಿದೆ. ಈ ವಂಶದ ಗಂಡಸರು ಹೊರಚಾವಡಿಯಲ್ಲಿ ಕುಳಿತು ಎಷ್ಟೇ ಗಂಟಲು ಹರಿದುಕೊಂಡರೂ, ಹಿರಿಯರಿಗೆ ಇಡುವ ಎಡೆ ಒಳಗಿನಿಂದ ಹೊರಡುವುದು ನಾನು ಹೂಂ ಎಂದ ಮೇಲೆಯೇ. ಯಾರದೋ ತಾಯಿ ಎಂಬುದು ಇದೆಲ್ಲ ಆದಮೇಲೆ ಬರುವ ಮಾತು.

ನೀನು ಚೆನ್ನಾಗಿದ್ದೀಯೆಂದು ಭಾವಿಸಿದ್ದೇನೆ. ಟಿವಿಯಲ್ಲಿ ನೋಡಿದೆ, ಕೆನ್ನೆ ಒಳಗೆ ಹೋಗಿದೆ. ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ ಎಂದು ಕಾಣುತ್ತದೆ. ನಿನ್ನ ಅಣ್ಣನ ಸೊಂಟ ಈಗ ಪರವಾಗಿಲ್ಲ. ಅತ್ತಿಗೆ ಈ ಸಲ ಎಲೆಕೋಸಿನ ಕಿಮ್ಚಿ ಉಪ್ಪಿನಕಾಯಿಗೆ ಉಪ್ಪು ಸರಿಯಾಗಿ ಹಾಕಿದ್ದಾಳೆ, ಹದಿನೆಂಟು ವರ್ಷದಲ್ಲಿ ಮೊದಲ ಸಲ. ನಿನ್ನ ಪತ್ರಕ್ಕೆ ಉತ್ತರ ತಡವಾಯಿತು. ಇಂಥಲ್ಲಿ ಕ್ಷಮೆ ಕೇಳುವುದು ವಾಡಿಕೆ, ಕೇಳಿದ್ದೇನೆ ಎಂದುಕೋ. ಎಲೆಕೋಸು ಮುಗಿಯುವ ಹೊತ್ತಿಗೆ ಸೋಯಾ ಕಾಳು ಬೇಯಿಸುವ ವಾರ ಬಂತು, ಅದು ಮುಗಿಯುವ ಹೊತ್ತಿಗೆ ಇನ್ನೊಂದು ಕೆಲಸ ಬಂತು. ಆ ಕೆಲಸ ಏನೆಂದು ಮುಂದೆ ಬರೆಯುತ್ತೇನೆ.

ನಿನ್ನ ಪತ್ರದಲ್ಲಿ ನೀನು ಕೇಳಿದ್ದು ಇಷ್ಟು. ನಿನ್ನ ಸಿನಿಮಾ 'ಉತ್ತರ ಬಾಗಿಲು' ಬಿಡುಗಡೆಯಾಗುವ ದಿನ ಸಿಯೋಲ್‌ನ ಚಿತ್ರಮಂದಿರದ ಮುಂದೆ ಧರಣಿ ಕೂರಲು ಹೊರಟಿರುವ ಚಿಕ್ಕಪ್ಪನನ್ನೂ ವಂಶದ ಹಿರಿಯರನ್ನೂ ನಾನು ತಡೆಯಬೇಕು. ಕೋಟೆಯ ಉತ್ತರ ಬಾಗಿಲು ಕಾಯುತ್ತ ಸತ್ತ ನಮ್ಮ ಮೂಲಪುರುಷ ಪ್ಯೋ ಯುನ್‌ನ ಪಾತ್ರಕ್ಕೆ ಆ ಹುಡುಗ ತಕ್ಕವನೇ ಎಂದು ಹಿರಿಮನೆಯ ಬಾಯಿಂದ ಒಂದು ಮಾತು ಬರಬೇಕು. ನಾನು ಬಂದು ನಿನ್ನ ಪಕ್ಕದಲ್ಲಿ ನಿಲ್ಲಬೇಕು. ಬರುವಾಗ, 'ನಂಗೆ ಅಂತ ಎತ್ತಿಟ್ಟಿರೋ ಸೋಯಾ ರಸದ ಗಡಿಗೇನೂ ಹಾಗೇ ತಂದ್ಬಿಡಮ್ಮಾ'. ಕೊನೆಯದನ್ನು ನೀನು ಬರೆದ ಹಾಗೆಯೇ ಬರೆದಿದ್ದೇನೆ.

ಮೊದಲು ಆ ಹುಡುಗನ ವಿಷಯ.

ಗುಕ್ ಜೇಹಾ ಎಂಬ ಆ ನಟನನ್ನು ನೀನು ಕಳೆದ ವಸಂತದಲ್ಲಿ ಇಲ್ಲಿಗೆ ಕಳಿಸಿದಾಗ ನನಗೆ ಮೈಯೆಲ್ಲ ಉರಿದಿತ್ತು. ಹಳದಿ ಬಣ್ಣ ಬಳಿದ ಕೂದಲು, ಹೆಂಗಸರಿಗಿಂತ ನುಣುಪಾದ ಚರ್ಮ. ನಿನ್ನ ಅತ್ತಿಗೆ ನನ್ನ ಕಿವಿಯಲ್ಲಿ, "ಅತ್ತೇ, ಇವನು ಐದು ಜನದ ಕುಣಿತದ ಗುಂಪಲ್ಲಿದ್ದನಂತೆ, ಮುಖಕ್ಕೆ ಹಚ್ಕೊಳ್ಳೋ ಕ್ರೀಮಿನ ಜಾಹೀರಾತಲ್ಲೂ ಬರ್ತಾನೆ," ಎಂದಳು. ನಾನು, "ನಮ್ಮ ಮುತ್ತಜ್ಜ ಕೋಟೆ ಬಾಗಿಲಲ್ಲಿ ಕ್ರೀಮು ಹಚ್ಕೊಂಡು ನಿಂತಿರಲಿಲ್ಲ," ಎಂದೆ. ಅವನಿಗೆ ಕೇಳಿಸಿತು. ಅವನು ನಗಲಿಲ್ಲ. ಎರಡು ಕೈಯನ್ನೂ ನೆಲಕ್ಕೂರಿ ನಮಸ್ಕಾರ ಮಾಡಿದ, ಅದನ್ನೂ ತಪ್ಪಾಗಿ ಮಾಡಿದ. ಗಂಡಸರ ಎಡಗೈ ಮೇಲಿರಬೇಕು ಎಂಬುದೂ ತಿಳಿಯದವನು.

ಒಂದು ವಾರ ಇದ್ದ. ಮಂಡಿಯೂರಿ ಅರ್ಧ ಗಂಟೆ ಕೂರಲಾರ. ಕುದುರೆ ಕೂದಲಿನ ಟೋಪಿಯ ದಾರ ಕಟ್ಟಲು ಹೋಗಿ ಎರಡು ದಾರ ಹರಿದ. ಒಂದು ದಿನ ಸೋಯಾ ಜಾಡಿಗಳ ಕಟ್ಟೆಯ ಹಿಂದೆ ಫೋನ್ ಹಿಡಿದು ಅವರಮ್ಮನ ಹತ್ತಿರ, "ಕಾಲು ಸತ್ತೋಗಿದೆಯಮ್ಮಾ, ಈ ಅಜ್ಜಿ ಹುಲಿ ಕಣಮ್ಮಾ," ಎಂದು ಅಳುತ್ತಿದ್ದ. ನಾನು ಜಾಡಿಯ ಮುಚ್ಚಳ ತೆಗೆಯುವ ನೆಪದಲ್ಲಿ ಸದ್ದು ಮಾಡಿದೆ. ಫೋನ್ ಕೈಜಾರಿ ಬಿತ್ತು. ಆದರೆ ಒಂದು ಮಾತು ಹೇಳಬೇಕು. ನಿಮ್ಮ ಸಿನಿಮಾದವರೆಲ್ಲ ಹೊರಚಾವಡಿಯಲ್ಲಿ ಚಿಕ್ಕಪ್ಪನ ಭಾಷಣ ಕೇಳುತ್ತಿದ್ದರೆ, ಇವನು ಊಟದ ತಟ್ಟೆ ಹಿಡಿದು ಅಡುಗೆಮನೆಯ ಮೆಟ್ಟಿಲಿಗೆ ಬರುತ್ತಿದ್ದ. "ಅಜ್ಜೀ, ಅವರು ಏನು ಉಣ್ತಿದ್ರು? ಸಾಯೋ ಹಿಂದಿನ ದಿನ ಹೆಂಡತಿ ಹತ್ರ ಏನಾದ್ರೂ ಅಂದ್ರಾ?" ಎಂದೆಲ್ಲ ಕೇಳುತ್ತಿದ್ದ. ಅನ್ನವನ್ನು ಮೂರು ಮೂರು ಬಟ್ಟಲು ಉಂಡ. ನಾನು ಹೇಳಬೇಕಾದ್ದನ್ನು ಹೇಳಿದೆ. ನಿನಗೂ ನಿನ್ನ ಏಳನೆಯ ವಯಸ್ಸಿನಿಂದ ಅದೇ ಮೆಟ್ಟಿಲ ಮೇಲೆ ಅದನ್ನೇ ಹೇಳಿದ್ದೆ.

ಹೋದ ತಿಂಗಳು ನೀನು ವಂಶದವರಿಗೆಂದೇ ಪಟ್ಟಣದ ಸಭಾಭವನದಲ್ಲಿ ಸಿನಿಮಾ ತೋರಿಸಿದೆಯಲ್ಲ. ನೀನು ಬರಲಿಲ್ಲ, ಕೆಲಸವಿತ್ತು ಎಂದೆ. ನಾನು ಮುಂದಿನ ಸಾಲಿನ ನಡುವೆ ಕುಳಿತಿದ್ದೆ. ಹಿಂದೆ ಚಿಕ್ಕಪ್ಪ ಗ್ಯುಸಪ್, ಅವರ ಹಿಂದೆ ಬಿಳಿ ನಿಲುವಂಗಿಯ ಹಿರಿಯರು. ಜೇಹಾ ಪರದೆಯ ಮೇಲೆ ಬಂದ ಕೂಡಲೇ ಶುರುವಾಯಿತು.

"ಇವನಾ? ಇವನಾ ನಮ್ಮ ಹಿರಿಯ?"

"ಹಾಲು ಕುಡಿಯೋ ಕೂಸು. ಮೀಸೆ ಅಂಟಿಸಿದ್ರೂ ನಿಲ್ಲಲ್ಲ ಅದು."

"ನಡಿಗೆ ನೋಡ್ರಪ್ಪಾ, ಈಗ ಕುಣಿಯಕ್ಕೆ ಶುರು ಮಾಡ್ತಾನೆ."

ಶತ್ರುಗಳ ದಂಡು ಬರುವ ಮುಂಜಾನೆ ಅವನು ಶಿರಸ್ತ್ರಾಣದ ದಾರ ಕಟ್ಟಿಕೊಳ್ಳುತ್ತಾನಲ್ಲ, ಆಗ ಅವನ ಬೆರಳು ನಡುಗುತ್ತದೆ. ಎರಡು ಸಲ ತಪ್ಪುತ್ತಾನೆ, ಮೂರನೆಯ ಸಲ ಗಂಟು ಬೀಳುತ್ತದೆ. ಅಲ್ಲಿ ಚಿಕ್ಕಪ್ಪನಿಗೆ ತಡೆಯಲಾಗಲಿಲ್ಲ. ಎದ್ದೇ ನಿಂತರು. "ನಡುಗ್ತಾನೆ! ಪ್ಯೋ ಯುನ್ ನಡುಗ್ತಾನೆ! ನಮ್ಮ ಪಿತೃಗುಡೀಲಿರೋ ಚಿತ್ರ ನೋಡಿದ್ದಾಳಾ ನಿಮ್ಮ ಮಗಳು? ಆ ಗಡ್ಡ, ಆ ಕಣ್ಣು! ಆ ಮುಖ ಎಲ್ಲಿ, ಈ ಮುಖ ಎಲ್ಲಿ ಅತ್ತಿಗೆ?"

"ಕೂತ್ಕೊಳ್ಳಿ ಮೈದುನರೇ, ಹಿಂದಿನವರಿಗೆ ಕಾಣಿಸ್ತಿಲ್ಲ," ಎಂದೆ.

ನನಗೆ ಅನಿಸಿದ್ದನ್ನು ಹೇಳುತ್ತೇನೆ. ನಾನು ಹೊಗಳುವವಳಲ್ಲ ಎಂಬುದು ನಿನಗೆ ಗೊತ್ತು. ಅವನ ಹಲ್ಲು ಬೆಳ್ಳಗೆ ಹೊಳೆಯುತ್ತದೆ, ಬರಗಾಲದಲ್ಲಿ ಗಂಜಿ ಕುಡಿದವನ ಹಲ್ಲಲ್ಲ. ಕುದುರೆಯಿಂದ ಇಳಿಯುವಾಗ ಯಾರೋ ನೋಡುತ್ತಿದ್ದಾರೆ ಎಂಬಂತೆ ಇಳಿಯುತ್ತಾನೆ. ದೊಡ್ಡ ಮಾತುಗಳು ಅವನ ಬಾಯಲ್ಲಿ ಪಾಠ ಒಪ್ಪಿಸಿದಂತಿವೆ. ಆ ಮಾತುಗಳನ್ನು ಬರೆದವಳು ನೀನು, ಆದ್ದರಿಂದ ತಪ್ಪು ಅರ್ಧ ನಿನ್ನದು. ಆದರೆ ಆ ನಡುಗುವ ಬೆರಳು ಸುಳ್ಳಲ್ಲ. ಅಲ್ಲಿಯವರೆಗೆ ಪುಸ್ತಕ ಬಿಟ್ಟು ಬೇರೇನೂ ಹಿಡಿಯದವನು, ಮನೆಯಲ್ಲಿ ಹೆಂಡತಿ, ತೊಟ್ಟಿಲಲ್ಲಿ ಕೂಸು. ಅಂಥವನ ಬೆರಳು ನಡುಗದೆ ಇನ್ನೇನು ಮಾಡೀತು? ಬೆರಳು ನಡುಗಿದರೂ ಬಾಗಿಲು ಬಿಡಲಿಲ್ಲ ಎಂಬುದಕ್ಕೇ ತಾನೆ ನಾವು ನಾನೂರು ವರ್ಷದಿಂದ ಎಡೆ ಇಡುತ್ತಿರುವುದು. ಆ ಪಾತ್ರಕ್ಕೆ ಅವನು ತಕ್ಕವನೇ. ಅದರಲ್ಲಿ ನನಗೆ ಅನುಮಾನವಿಲ್ಲ.

ಆಮೇಲೆ ಅವಳು ಬಂದಳು. ಪ್ಯೋ ಯುನ್‌ನ ಹೆಂಡತಿ, ಈ ಮನೆಯ ಮೊದಲ ಹಿರಿಸೊಸೆ. ಗಂಡ ಸತ್ತ ಸುದ್ದಿ ಬಂದಾಗ ಬಿಳಿ ಲಂಗ ಹರಡಿಕೊಂಡು ಓಡಿದಳು, ಬಂಡೆ ಹತ್ತಿದಳು, ನದಿಗೆ ಹಾರಿದಳು. ಸಂಗೀತ ಬಂತು. ನನ್ನ ಪಕ್ಕದಲ್ಲಿದ್ದ ಪಂಚಾಯಿತಿ ಅಧಿಕಾರಿಯ ಹೆಂಡತಿ ಮೂಗೊರೆಸಿಕೊಂಡಳು. ಹಿಂದಿನಿಂದ ಹಿರಿಯರೊಬ್ಬರು, "ಹಾಂ, ಇದೊಂದು ಚೆನ್ನಾಗಿ ತೆಗೆದಿದಾಳೆ ಹುಡುಗಿ," ಎಂದರು. ಹುಡುಗನ ಮೀಸೆ ಸರಿಯಿಲ್ಲ ಎಂದು ಅರಚಿದವರಿಗೆ, ಎಪ್ಪತ್ತೊಂದು ವರ್ಷ ಬದುಕಿದ ಹೆಂಗಸನ್ನು ಇಪ್ಪತ್ತರಲ್ಲೇ ನೀರಿಗೆ ತಳ್ಳಿದ್ದು ಕಣ್ಣಿಗೆ ಬೀಳಲಿಲ್ಲ.

ನಾನು ಅಲ್ಲೂ ಎದ್ದು ಹೋಗಲಿಲ್ಲ. ಕೊನೆಯ ಹೆಸರುಗಳವರೆಗೂ ಕುಳಿತಿದ್ದೆ. 'ಕಥೆಗೆ ನೆರವು: ಮುಸಿಲ್ ಹಿರಿಮನೆ' ಎಂದಿತ್ತು.

ಮಾರನೆಯ ದಿನದಿಂದ ಗದ್ದಲ. ಚಿಕ್ಕಪ್ಪ ಬಟ್ಟೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಹಿರಿಯರನ್ನು ಕ್ರೀಮಿಗೆ ಮಾರಬೇಡಿ' ಎಂದು ಬರೆಸಿದರು. ಎರಡು ಬಸ್ಸು ಗೊತ್ತು ಮಾಡಿದರು. ಬಿಡುಗಡೆಯ ದಿನ ಎಲ್ಲರೂ ಟೋಪಿ ನಿಲುವಂಗಿ ಧರಿಸಿ ಚಿತ್ರಮಂದಿರದ ಮೆಟ್ಟಿಲ ಮೇಲೆ ಮಂಡಿಯೂರುವುದೆಂದು ನಿಶ್ಚಯವಾಯಿತು. ಊರೂರಿನ ಹುಡುಗರು ಫೋನಿನಲ್ಲಿ ಆ ಜೇಹಾನ ಮುಖವನ್ನು ಕೋತಿಯ ಮೈಗೆ ಅಂಟಿಸಿ ಹಂಚಿದರಂತೆ. ಆಗ ಬಂದದ್ದು ನಿನ್ನ ಪತ್ರ.

ಅದೇ ವಾರ ಪತ್ರಿಕೆಯಲ್ಲಿ ನಿನ್ನ ಸಂದರ್ಶನವೂ ಬಂತು. ಅತ್ತಿಗೆ ಓದಿ ಹೇಳಿದಳು. ನಾನು ನಂಬದೆ ಕನ್ನಡಕ ಹಾಕಿಕೊಂಡು ನಾನೇ ಓದಿದೆ. "ಆ ಆಯ್ಕೆ ಪೂರ್ತಿಯಾಗಿ ನನ್ನದಾಗಿರಲಿಲ್ಲ. ಹಣ ಹಾಕಿದವರ ಒತ್ತಾಯವೂ ಇತ್ತು." ಸೆಯೊನ್, ಕಳೆದ ಹೊಸವರ್ಷಕ್ಕೆ ನೀನು ಇದೇ ಮನೆಯಲ್ಲಿ ಅಕ್ಕಿರೊಟ್ಟಿಯ ಸಾರು ಉಣ್ಣುತ್ತ ಏನೆಂದಿದ್ದೆ? "ಹಣ ಹಾಕೋರು ಗಡ್ಡದ ನಟ ಬೇಕು ಅಂತಾರಮ್ಮಾ. ನಾನು ಬಿಡಲ್ಲ. ಇಪ್ಪತ್ತೆರಡರ ಹುಡುಗ ಇಪ್ಪತ್ತೆರಡರವನ ಹಾಗೇ ಕಾಣಬೇಕು." ಅಂದು ನನಗೆ ಹೆಮ್ಮೆಯಾಗಿತ್ತು, ಮುಖದಲ್ಲಿ ತೋರಿಸಲಿಲ್ಲ ಅಷ್ಟೆ. ಇಂದು ಊರೆಲ್ಲ ಕಲ್ಲೆಸೆಯುವಾಗ ಆ ಹುಡುಗನನ್ನು ಮುಂದೆ ನಿಲ್ಲಿಸಿ ನೀನು ಹಿಂದೆ ಸರಿದೆ. ಬಾಗಿಲು ಕಾದವನ ಸಿನಿಮಾ ತೆಗೆದವಳು ಮಾಡುವ ಕೆಲಸವೇ ಇದು?

ಅವನು ಇಲ್ಲಿಗೆ ಬಂದಿದ್ದ. ಅದು ನಿನಗೆ ತಿಳಿದಿರಲಾರದು.

ಸೋಯಾ ಕಾಳು ಬೇಯುತ್ತಿದ್ದ ದಿನ. ಅಂಗಳದ ತುಂಬ ಹಬೆ. ಮುಖಕ್ಕೆ ಬಟ್ಟೆ ಕಟ್ಟಿ, ಟೋಪಿ ಎಳೆದುಕೊಂಡು ಯಾರೋ ಬಾಗಿಲಲ್ಲಿ ನಿಂತಿದ್ದ. ಕಳ್ಳನೆಂದು ಅತ್ತಿಗೆ ಒನಕೆ ಎತ್ತಿದಳು. ಅವನು ಬಟ್ಟೆ ಕಿತ್ತು ಅಂಗಳದ ಮಣ್ಣಿನ ಮೇಲೇ ನಮಸ್ಕಾರ ಮಾಡಿದ. ಈ ಸಲ ಎಡಗೈ ಮೇಲಿತ್ತು.

"ಅಜ್ಜೀ, ನಾನು ಹಾಳು ಮಾಡಿಬಿಟ್ನಾ?"

"ಏನನ್ನ?"

"ನಿಮ್ಮ ಹಿರಿಯರನ್ನ. ಎಲ್ಲರೂ ಅದೇ ಅಂತಿದಾರೆ. ನಿರ್ದೇಶಕಿ ಮೇಡಂ ಕೂಡ..." ಅಲ್ಲಿಗೆ ನಿಲ್ಲಿಸಿದ. ನಿನ್ನ ಮೇಲೆ ದೂರು ಹೇಳಲಿಲ್ಲ.

"ಅಷ್ಟು ಸುಲಭವಾಗಿ ಹಾಳಾಗೋ ಹಿರಿಯರಲ್ಲ ಅವರು. ನಿಂತ್ಕೊಂಡು ನೋಡ್ಬೇಡ, ಆ ಒನಕೆ ತಗೋ. ಕಾಳು ಬಿಸಿ ಇದ್ದಾಗಲೇ ಕುಟ್ಟಬೇಕು."

ಕುಟ್ಟಿದ. ಅಂಗೈಯಲ್ಲಿ ಬೊಬ್ಬೆ ಬಂದರೂ ಬಿಡಲಿಲ್ಲ. ನಡುವೆ ಅತ್ತಿಗೆ, "ನಿಮ್ಮ ಕ್ರೀಮು ನಿಜವಾಗಲೂ ಸುಕ್ಕು ಹೋಗಿಸುತ್ತಾ?" ಎಂದು ಕೇಳಿದಳು. ಅವನು ಅವಳ ಕೈ ನೋಡಿ, ನನ್ನ ಕೈ ನೋಡಿ, "ಈ ಮನೇಲಿ ಅದು ಸೋಲುತ್ತೆ ಅಕ್ಕಾ," ಎಂದ. ಅವನು ಬಂದಮೇಲೆ ನಕ್ಕದ್ದು ಅದೊಂದೇ ಸಲ. ಕುಟ್ಟಿದ ಕಾಳನ್ನು ವಸಂತದ ಸೋಯಾ ರಸಕ್ಕೆಂದು ಇಟ್ಟಿಗೆಯಂತೆ ಕಟ್ಟಿ ಹುಲ್ಲುಹಗ್ಗದಲ್ಲಿ ತೂಗುಹಾಕುವವರೆಗೂ ಇದ್ದು, ಅನ್ನ ಉಂಡು, ಸಂಜೆಯ ಬಸ್ಸಿಗೆ ಹೋದ. ಹೋಗುವ ಮುನ್ನ ನಾನು ಕೇಳಿದ ಒಂದು ಪ್ರಶ್ನೆಗೆ ಉತ್ತರ ಹೇಳಿದ. ಅದನ್ನು ಕೊನೆಯಲ್ಲಿ ಬರೆಯುತ್ತೇನೆ, ಕೈ ಬಂದರೆ.

ಅವನು ಹೋದ ಮಾರನೆಯ ದಿನ ನಾನು ಹೊರಚಾವಡಿಗೆ ಹೋದೆ. ಗಂಡಸರ ಸಭೆಗೆ ಈ ಮನೆಯ ಹೆಂಗಸು ಕಾಲಿಡುವ ಪದ್ಧತಿಯಿಲ್ಲ. ನಿಮ್ಮಪ್ಪ ಇದ್ದಿದ್ದರೆ ಅವರ ಬಾಯಿಂದ ಹೇಳಿಸುತ್ತಿದ್ದೆ. ನಿನ್ನ ಅಣ್ಣ ಚಿಕ್ಕಪ್ಪನ ಎದುರು ಬಾಯಿ ತೆರೆಯುವವನಲ್ಲ. ಪಿತೃಗುಡಿಯಿಂದ ಆ ಚಿತ್ರವನ್ನು ನಾನೇ ಎತ್ತಿಕೊಂಡು ಬಂದು ಚಾವಡಿಯ ನಡುವೆ ಬಿಚ್ಚಿದೆ. ಎಲ್ಲರೂ ತಟ್ಟನೆ ಮಂಡಿಯೂರಿದರು.

ಚಿಕ್ಕಪ್ಪ ಚಿತ್ರಕ್ಕೆ ಕೈ ತೋರಿಸಿ, "ನೋಡ್ರಿ, ಇದು ಮುಖ! ಅತ್ತಿಗೆಯೋರೇ ತಂದು ತೋರಿಸಿದಾರೆ. ಇನ್ನೇನು ಬೇಕು?" ಎಂದರು.

"ಮೈದುನರೇ, ಇವರು ತೀರಿಕೊಂಡಾಗ ಎಷ್ಟು ವಯಸ್ಸು?"

ಹುಟ್ಟಿದ ವರ್ಷ, ಸತ್ತ ವರ್ಷ ಎರಡೂ ನಮ್ಮಲ್ಲಿ ಮಾತು ಬಂದ ಗಂಡುಕೂಸಿಗೆಲ್ಲ ಬಾಯಿಪಾಠ. ಪ್ರತಿ ಹೊಸವರ್ಷ ಒಪ್ಪಿಸುತ್ತಾರೆ. ಒಂದರಿಂದ ಒಂದನ್ನು ಕಳೆದು ನೋಡಿದವರು ಯಾರೂ ಇಲ್ಲ. ಅಂದು ಚಾವಡಿಯಲ್ಲಿ ಕುಳಿತು ಬೆರಳು ಮಡಚಿದರು.

"ಇಪ್ಪತ್ತೆರಡು..." ಎಂದರು ಮೂಲೆಯಲ್ಲಿದ್ದ ಹಿರಿಯರೊಬ್ಬರು, ಯಾರೋ ತಮ್ಮನ್ನೇ ಬೈದ ಹಾಗೆ.

"ಇಪ್ಪತ್ತೆರಡರ ಗಂಡಸಿಗೆ ಎದೆವರೆಗೆ ಬಿಳಿ ಗಡ್ಡ ಹೇಗೆ ಬಂತು?"

ಉತ್ತರವನ್ನೂ ನಾನು ಹೇಳಿದೆ. ನನ್ನ ಅತ್ತೆ ನನಗೆ, ಅವರ ಅತ್ತೆ ಅವರಿಗೆ, ಹೀಗೆ ಅಡುಗೆಮನೆಯ ಮೆಟ್ಟಿಲಲ್ಲಿ ದಾಟಿ ಬಂದ ಮಾತನ್ನು ಮೊದಲ ಬಾರಿಗೆ ಹೊರಚಾವಡಿಯಲ್ಲಿ ಹೇಳಿದೆ. ಪ್ಯೋ ಯುನ್ ಸತ್ತು ಐವತ್ತು ವರ್ಷವಾದ ಮೇಲೆ ರಾಜಧಾನಿಯಿಂದ ಚಿತ್ರಕಾರ ಬಂದ. ಮುಖ ಹೇಗಿತ್ತು ಎಂದು ಹೇಳಬಲ್ಲವಳು ಭೂಮಿಯ ಮೇಲೆ ಒಬ್ಬಳೇ ಉಳಿದಿದ್ದಳು, ಅವರ ಹೆಂಡತಿ, ಎಪ್ಪತ್ತರ ಮುದುಕಿ. ಅವಳು ಐವತ್ತೊಂದರ ಮಗನನ್ನು ಕರೆದು ಚಿತ್ರಕಾರನ ಮುಂದೆ ಕೂರಿಸಿದಳು. "ಇವನ ಮುಖ ಬರಿ. ಗಡ್ಡಕ್ಕೆ ಇನ್ನಷ್ಟು ಬಿಳಿ ಹಾಕು," ಎಂದಳು. ಚಿತ್ರಕಾರ, "ಅಮ್ಮಾ, ಅವರು ಹುಡುಗರಾಗಿದ್ದಾಗಲೇ ಹೋದರಲ್ಲ," ಎಂದ. ಅದಕ್ಕೆ ಅವಳು, "ನಾಳೆ ನಾನು ಸತ್ತು ಅದೇ ಗುಡೀಲಿ ಅವರ ಪಕ್ಕ ಕೂರಬೇಕು. ನನ್ನ ನೋಡಿ ಜನ ಅವರ ಅಜ್ಜಿ ಅನ್ನಬಾರದು. ನಾನು ಒಬ್ಬಳೇ ಯಾಕೆ ಮುದುಕಿಯಾಗಲಿ? ಅವರಿಗೂ ವಯಸ್ಸು ಮಾಡು," ಎಂದಳು.

ಚಿಕ್ಕಪ್ಪ ಚಿತ್ರವನ್ನೇ ನೋಡುತ್ತಿದ್ದರು. "ಹಾಗಾದ್ರೆ ನಾನೂರು ವರ್ಷದಿಂದ ನಾವು ಮಗನ ಮುಖಕ್ಕೆ ಅಡ್ಡ ಬೀಳ್ತಿದೀವಾ?"

"ಅವರೂ ನಿಮ್ಮ ಅಜ್ಜನೇ. ನಷ್ಟ ಏನಿಲ್ಲ. ಆದ್ರೆ ಆ ಹುಡುಗನ್ನ ಈ ಮುಖದ ಪಕ್ಕ ಇಟ್ಟು ತೂಗಬೇಡಿ. ನಿಮ್ಮ ಹಿರಿಯರು ಅವನ ಹಾಗೇ ಇದ್ರು. ಮೀಸೆ ಸರಿಯಾಗಿ ಬಂದಿರಲಿಲ್ಲ. ಬೆರಳು ನಡುಗ್ತಿತ್ತು. ಇದು ಹಿರಿಮನೆಯ ಮಾತು."

ಅಷ್ಟಕ್ಕೆ ಮುಗಿಯಿತೆಂದುಕೊಳ್ಳಬೇಡ. ನಮ್ಮ ಗಂಡಸರು ಸೋತದ್ದು ಗೊತ್ತಾದ ಮೇಲೆ ಇನ್ನೂ ಹಟ ಮಾಡುವವರು. "ಅದೆಲ್ಲ ಸರಿ ಅತ್ತಿಗೆ, ಆದ್ರೆ ಬಸ್ಸು ಗೊತ್ತಾಗಿದೆ, ಬಟ್ಟೆ ಬರೆಸಿದೀವಿ. ಕುಣಿಯೋನು ಕುಣಿಯೋನೇ. ಎರಡನೇ ತಾರೀಕು ಹೋಗೇ ಹೋಗ್ತೀವಿ," ಎಂದರು ಚಿಕ್ಕಪ್ಪ.

"ಎರಡನೇ ತಾರೀಕು ಯಾರೂ ಎಲ್ಲಿಗೂ ಹೋಗೋ ಹಾಗಿಲ್ಲ. ಅವತ್ತು ಹಿರಿಯಮ್ಮನ ತಿಥಿ."

ನಿನಗೆ ನೆನಪಿದೆಯೋ ಇಲ್ಲವೋ. ಹಿರಿಯಮ್ಮ, ಅಂದರೆ ಪ್ಯೋ ಯುನ್‌ನ ಹೆಂಡತಿ, ತೀರಿಕೊಂಡದ್ದು ಚಾಂದ್ರಮಾನದ ಹತ್ತನೆಯ ತಿಂಗಳಲ್ಲಿ; ಈ ವರ್ಷ ಆ ದಿನ ಡಿಸೆಂಬರ್ ಎರಡಕ್ಕೆ ಬಂದಿತ್ತು. ಅವಳ ಎಡೆಯನ್ನು ಅವಳ ದಿನದಂದೇ, ಬೇರೆಯಾಗಿ ಇಡುತ್ತಿದ್ದೆವು. ನಿಮ್ಮಪ್ಪ ಹೋದಮೇಲೆ ವಂಶದವರು ಸಭೆ ಸೇರಿ, ಎರಡೆರಡು ಸಲ ಊರಿಗೆ ಬರುವುದು ಕಷ್ಟ, ಗಂಡನ ದಿನವೇ ಹೆಂಡತಿಗೂ ಒಂದು ಬಟ್ಟಲು ಇಟ್ಟರಾಯಿತು ಎಂದು ತೀರ್ಮಾನಿಸಿದರು. ನಾನು ಆಗದು ಎಂದೆ. ನಕ್ಕರು. ನೀನೂ ಸಿಯೋಲ್‌ನಿಂದ ಫೋನ್ ಮಾಡಿ, "ಒಳ್ಳೇದೇ ಆಯ್ತಲ್ಲಮ್ಮಾ, ನಿಂಗೂ ಒಂದು ದಿನದ ಕೆಲಸ ಉಳೀತು," ಎಂದೆ.

ಚಿಕ್ಕಪ್ಪ, "ಅದನ್ನ ಅವರ ದಿನಕ್ಕೇ ಸೇರಿಸಿಬಿಟ್ಟಿದ್ವಲ್ಲ?" ಎಂದರು.

"ಸೇರಿಸಿದ್ದು ನೀವು. ಬೇರೆ ಮಾಡ್ತಿರೋದು ನಾನು. ಈ ಚಿತ್ರ ಬರೆಸಿದೋಳು ಅವಳು. ಇದಕ್ಕೆ ಅಡ್ಡ ಬೀಳೋರು ಅವಳ ದಿನಕ್ಕೂ ಬರಬೇಕು. ಬರದಿದ್ರೆ ಇನ್ನು ಮೇಲೆ ಹೊರಚಾವಡಿಗೆ ಒಳಗಿನಿಂದ ಒಂದು ಬಟ್ಟಲು ನೀರೂ ಬರಲ್ಲ."

ಹಿರಿಯರ ತಿಥಿ ಬಿಟ್ಟು ಸಿನಿಮಾ ಮಂದಿರದ ಮುಂದೆ ಕುಳಿತವನು ಎಂದು ಅನಿಸಿಕೊಳ್ಳಲು ನಮ್ಮವರಲ್ಲಿ ಯಾರಿಗೆ ಧೈರ್ಯವಿದೆ? ಬಸ್ಸುಗಳು ಬಂದವು, ಆದರೆ ಈ ಊರಿಗೆ ಬಂದವು.

ನಿನ್ನೆ ಅದು ಮುಗಿಯಿತು. ನೀನು ಸಿಯೋಲ್‌ನಲ್ಲಿ ವೇದಿಕೆಯ ಮೇಲಿದ್ದ ಹೊತ್ತಿಗೆ ಇಲ್ಲಿ ಪಿತೃಗುಡಿಯ ಅಂಗಳದ ತುಂಬ ಬಿಳಿ ನಿಲುವಂಗಿಗಳಿದ್ದವು. ಮೀನು, ಹಸಿರು ಏನೂ ಸಿಗದ ಕಾಲವಾದ್ದರಿಂದ ಒಣಗಿಸಿಟ್ಟ ಸೊಪ್ಪು, ಅಕ್ಕಿರೊಟ್ಟಿ, ಟೊಮೇಟೊದಂತೆ ಕೆಂಪಾದ ಪರ್ಸಿಮನ್ ಹಣ್ಣು. ಹಣ್ಣನ್ನು ಚಿಕ್ಕಪ್ಪನೇ ತಮ್ಮ ಹಿತ್ತಲಿನಿಂದ ತಂದು ಕೊಟ್ಟರು. ನಡುವೆ ಒಂದು ಪುಟ್ಟ ಬಟ್ಟಲಲ್ಲಿ ಅವಳೇ ಶುರುಮಾಡಿದ ಸೋಯಾ ರಸ. ಮೊದಲ ಮದ್ಯದ ಬಟ್ಟಲನ್ನು ವಂಶದ ಹಿರಿಮಗ ಎರೆಯುವುದು ಪದ್ಧತಿ, ಹಿರಿಸೊಸೆಯದು ಎರಡನೆಯದು. ನಿನ್ನ ಅಣ್ಣ ಬಟ್ಟಲು ಎತ್ತಿಕೊಂಡ, ಒಂದು ಕ್ಷಣ ನಿಂತ, ನನ್ನ ಕೈಗೆ ಕೊಟ್ಟ. ನಾನು ಎರೆದೆ. ಯಾರೂ ಕೆಮ್ಮಲಿಲ್ಲ.

ಆದ್ದರಿಂದ ನಿನ್ನ ಚಿತ್ರಮಂದಿರದ ಮೆಟ್ಟಿಲುಗಳು ನಿನ್ನೆ ಖಾಲಿಯಿದ್ದವು. ನನ್ನ ಕುರ್ಚಿಯೂ ಖಾಲಿಯಿತ್ತು. ಎರಡಕ್ಕೂ ಕಾರಣ ಒಂದೇ. ಅಮ್ಮ ನನಗಾಗಿ ಮಾಡಿದಳು ಎಂದು ಯಾರ ಹತ್ತಿರವೂ ಹೇಳಿಕೊಳ್ಳಬೇಡ. ಹಿರಿಯರ ಬಾಯಿ ಮುಚ್ಚಿಸಿದ್ದು ಆ ಹುಡುಗನಿಗಾಗಿ. ಪಿತೃಗುಡಿಯ ಬಾಗಿಲು ತೆರೆದದ್ದು ಹಿರಿಯಮ್ಮನಿಗಾಗಿ. ಪತ್ರಿಕೆಯವರನ್ನು ಕರೆದು, ಜೇಹಾನನ್ನು ಆರಿಸಿದವಳು ನಾನೇ ಎಂದು ಹೇಳು. ಅದು ನಿನ್ನ ಕೆಲಸ. ಅದನ್ನು ನಾನು ಮಾಡಿಕೊಡುವುದಿಲ್ಲ.

ಚಳಿ ಬಿದ್ದಿದೆ. ಕತ್ತಿಗೆ ಬಟ್ಟೆ ಸುತ್ತಿಕೋ, ನಿನಗೆ ಚಿಕ್ಕಂದಿನಿಂದ ಮೊದಲು ಗಂಟಲೇ ಕೆಡುವುದು. ನಿನ್ನ ಸಿನಿಮಾ ಓಡಲಿ. ನೀನು ಕೈಯಿಟ್ಟ ಕೆಲಸ ಅರ್ಧಕ್ಕೆ ನಿಲ್ಲದಿರಲಿ. ಹಿರಿಯರು ನಿನ್ನ ತಲೆ ಕಾಯಲಿ, ಇಬ್ಬರೂ.

ಮ್ಯಾಂಗ್ ಒಕ್‌ಬುನ್
ಮುಸಿಲ್ ಹಿರಿಮನೆ

ಮರೆತ ಮಾತು: ಮರೆತಿರಲಿಲ್ಲ, ಕೈ ಬಂದಿರಲಿಲ್ಲ. ಆ ದಿನ ಜೇಹಾ ಹೊರಟಾಗ ನಾನು ಕೇಳಿದೆ, "ಏ ಹುಡುಗಾ, ಅವಳು ಬದುಕಿದ್ದಳು ಅಂತ ನಿಂಗೆ ಹೇಳಿದ್ದೆ. ನಿನ್ನ ಎದುರಿಗೇ ನದಿಗೆ ತಳ್ಳಿಸಿದಾಗ ಸುಮ್ಮನಿದ್ದೆಯಾ?" ಅವನು ಸುಮ್ಮನಿರಲಿಲ್ಲವಂತೆ. ನಿನ್ನ ಹತ್ತಿರ ಬಂದು, "ಮೇಡಂ, ಅವರು ಎಪ್ಪತ್ತೊಂದು ವರ್ಷ ಇದ್ದರಂತಲ್ಲ, ಅಜ್ಜಿ ಹೇಳಿದ್ರು," ಎಂದನಂತೆ. ನೀನು ನಕ್ಕೆಯಂತೆ. ಅವನು ಹೇಳಲಾರೆನೆಂದ, ನಾನು ಬಿಡಲಿಲ್ಲ. ನೀನು ಅಂದದ್ದು ಇಷ್ಟು: "ಸತ್ರೆ ಒಂದು ದೃಶ್ಯ ಸಿಗುತ್ತೆ ಜೇಹಾ. ಬದುಕಿದ್ರೆ ಐವತ್ತು ವರ್ಷ ಜಾಡಿ ಒರೆಸ್ಕೊಂಡು ಕೂತಿರೋ ಹೆಂಗಸು. ಅದನ್ನ ಯಾರು ಟಿಕೆಟ್ ತಗೊಂಡು ನೋಡ್ತಾರೆ? ನಂಗೇ ನೋಡಕ್ಕಾಗದೆ ತಾನೇ ಮನೆ ಬಿಟ್ಟು ಬಂದಿದ್ದು."

ಆ ಸೋಯಾ ರಸ ಅವಳು ಗಂಡ ಸತ್ತ ಮಾರನೆಯ ವಸಂತದಲ್ಲಿ, ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಹಾಕಿದ್ದು. ಪ್ರತಿ ವರ್ಷ ಹೊಸತನ್ನು ಹಳೆಯದಕ್ಕೆ ಸೇರಿಸುತ್ತ ಬಂದಿದ್ದೇವೆ, ಒಂದು ವರ್ಷವೂ ಬತ್ತಿಲ್ಲ. ಅದು ಸೊಸೆಯರಿಗೆ ಹೋಗುವಂಥದು, ಹೆಣ್ಣುಮಕ್ಕಳಿಗಲ್ಲ. ನೀನು ಹಿಂದೊಮ್ಮೆ ಕೇಳಿದೆಯೆಂದು ನಾನು ಪದ್ಧತಿ ಮುರಿದು ಒಂದು ಗಡಿಗೆ ಎತ್ತಿಟ್ಟಿದ್ದೆ. ಇವತ್ತು ಬೆಳಿಗ್ಗೆ ಅದನ್ನು ದೊಡ್ಡ ಜಾಡಿಗೆ ವಾಪಸ್ಸು ಸುರಿದೆ. ಗಡಿಗೆಯನ್ನು ತೊಳೆದು, ಒರೆಸಿ, ಬಿಸಿಲಿಗೆ ಬೋರಲು ಹಾಕಿದ್ದೇನೆ.